ಜಮೀನು ಪಾಲಾಯಿತು, ಸ್ಟಾರ್ಟರ್ ಅಣ್ಣನ ಮನೆಯಲ್ಲೇ ಉಳಿಯಿತು: ನೇಪಾಳದ ಒಕ್ಕೂಟಕ್ಕೆ ಹತ್ತು ವರ್ಷ

(2025ರ ನವೆಂಬರ್‌ನಲ್ಲಿ, ರಾಜ್ಯೋತ್ಸವದ ಅಂಗವಾಗಿ ಮಂಡ್ಯದಲ್ಲಿ ಆಡಿದ ಮಾತಿನ ಬರಹ ರೂಪ)

ರಾಜ್ಯೋತ್ಸವದ ತಿಂಗಳಲ್ಲಿ ನೇಪಾಳದ ವಿಷಯ ಯಾಕೆ ಅಂತ ಹೊರಗೆ ಕಾಫಿ ಕುಡಿಯುವಾಗ ಒಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರ ಒಬ್ಬ ಹುಡುಗನ ಮಾತಿನಿಂದ ಶುರುವಾಗುತ್ತದೆ.

ನಾನು ಬೆಳಿಗ್ಗೆ ತಿಂಡಿಗೆ ಹೋಗುವ ಹೋಟೆಲಿನಲ್ಲಿ ಅವನು ಕೆಲಸ ಮಾಡುತ್ತಾನೆ. ಇಡ್ಲಿ ತಂದಿಡುತ್ತಾನೆ, ಟೇಬಲ್ ಒರೆಸುತ್ತಾನೆ. ಬಂದು ನಾಲ್ಕು ವರ್ಷವಾಯಿತು. ಕನ್ನಡ ಚೆನ್ನಾಗಿ ಕಲಿತಿದ್ದಾನೆ, ನಮ್ಮ ಕಡೆಯ ‘ಕಣಣ್ಣೋ’ ಕೂಡ ನಾಲಿಗೆಗೆ ಹತ್ತಿದೆ. ಎಲ್ಲರೂ ಅವನನ್ನು ಗೂರ್ಖಾ ಅನ್ನುತ್ತಾರೆ. ನಾನೂ ಹಾಗೇ ಕರೆಯುತ್ತಿದ್ದೆ. ಒಂದು ದಿನ ಬಿಲ್ ತಂದಾಗ ಮೆಲ್ಲಗೆ ಹೇಳಿದ: “ಸಾರ್, ನಾನು ಗೂರ್ಖಾ ಅಲ್ಲ. ಥಾರು.”

ಹಾಗಂದರೇನು ಅಂತ ಕೇಳಿದೆ. ಅವರದು ಗುಡ್ಡದ ಕಡೆ ಅಲ್ಲ, ಬಯಲು ಸೀಮೆ. ಉತ್ತರ ಪ್ರದೇಶದ ಗಡಿಗೆ ಅಂಟಿಕೊಂಡ ಭತ್ತದ ನಾಡು. ಮನೆ ಮಾತು ಥಾರು, ಶಾಲೆಯಲ್ಲಿ ಕಲಿತದ್ದು ನೇಪಾಳಿ, ದುಡಿಮೆಗೆ ಹಿಂದಿ, ಈಗ ಕನ್ನಡ. ಅವನ ಊರು ಕೈಲಾಲಿ ಜಿಲ್ಲೆಯ ಟೀಕಾಪುರದ ಹತ್ತಿರ. ಈ ಟೀಕಾಪುರ ಅನ್ನುವ ಹೆಸರು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ನಾವು ‘ನೇಪಾಳಿ’ ಅಂತ ಒಂದೇ ಮಾತಲ್ಲಿ ಮುಗಿಸುವ ಆ ದೇಶದಲ್ಲಿ ಎಷ್ಟು ಬಗೆಯ ಜನ ಇದ್ದಾರೆ ಗೊತ್ತಾ? 2021ರ ಜನಗಣತಿ ಪ್ರಕಾರ ಅಲ್ಲಿನ ಜನಸಂಖ್ಯೆ ಸುಮಾರು 2 ಕೋಟಿ 91 ಲಕ್ಷ. ನಮ್ಮ ಕರ್ನಾಟಕದ ಅರ್ಧವೂ ಇಲ್ಲ. ಅಷ್ಟು ಜನರಲ್ಲಿ 142 ಜಾತಿ, ಬುಡಕಟ್ಟುಗಳು. 124 ಭಾಷೆಗಳು. ನೇಪಾಳಿಯನ್ನು ತಾಯ್ನುಡಿ ಅಂತ ಬರೆಸಿದವರು ನೂರಕ್ಕೆ 45ರಷ್ಟು. ಅಂದರೆ ಅರ್ಧಕ್ಕಿಂತ ಜಾಸ್ತಿ ಜನರ ಮನೆ ಮಾತು ಬೇರೆ. ಮೈಥಿಲಿ ನೂರಕ್ಕೆ 11, ಭೋಜಪುರಿ 6. ಒಂದು ಜಾತಿ ಅಂತ ತೆಗೆದುಕೊಂಡರೆ ಎಲ್ಲಕ್ಕಿಂತ ದೊಡ್ಡದು ಛೇತ್ರಿ. ಅವರೂ ನೂರಕ್ಕೆ 16 ಮಾತ್ರ. ನಾವು ದೊಡ್ಡವರು ಅಂತ ಎದೆ ತಟ್ಟಿಕೊಳ್ಳುವ ಗುಂಪೇ ಅಲ್ಲಿಲ್ಲ.

ಅಂಥ ದೇಶವನ್ನು 1960ರಿಂದ 1990ರವರೆಗೆ ರಾಜರು ಪಕ್ಷಗಳಿಲ್ಲದೆ ಆಳಿದರು. ಆಗಿನ ಘೋಷಣೆ ಏನು ಗೊತ್ತಾ? ಒಬ್ಬ ರಾಜ, ಒಂದು ವೇಷ, ಒಂದು ಭಾಷೆ, ಒಂದು ದೇಶ. 1990ರಲ್ಲಿ ಜನ ಬೀದಿಗಿಳಿದು ಪಕ್ಷಗಳ ಚುನಾವಣೆ ತಂದರು. ಆದರೆ ‘ಒಂದು ಭಾಷೆ’ ಅನ್ನುವುದು ಹೋಗಲಿಲ್ಲ.

ಅದಕ್ಕೊಂದು ಘಟನೆ ಹೇಳುತ್ತೇನೆ. ಕನ್ನಡ ಹೋರಾಟ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. 1990ರ ದಶಕದ ಕೊನೆಯಲ್ಲಿ ಕಾಠ್ಮಂಡು ನಗರಸಭೆಯವರು ನೇಪಾಳಿಯ ಜೊತೆ ‘ನೇಪಾಲ ಭಾಷಾ’ವನ್ನೂ ಕಚೇರಿಯಲ್ಲಿ ಬಳಸುತ್ತೇವೆ ಅಂದರು. ಅದು ನೇವಾರರ ಮಾತು, ಆ ಕಣಿವೆಯ ಹಳೆಯ ಭಾಷೆ. ಬಯಲಿನ ಜನಕಪುರ, ರಾಜಬಿರಾಜ್ ಕಡೆಯವರು ಮೈಥಿಲಿ ಬಳಸುತ್ತೇವೆ ಅಂದರು. ನೇಪಾಳಿ ಬೇಡ ಅಂತ ಯಾರೂ ಹೇಳಿರಲಿಲ್ಲ. ಅದರ ಪಕ್ಕದಲ್ಲಿ ನಮ್ಮದೂ ಇರಲಿ ಅಂದರು, ಅಷ್ಟೇ. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1999ರ ಜೂನ್ 1ರಂದು ತೀರ್ಪು ಬಂತು: ಇದು ಸಂವಿಧಾನಕ್ಕೆ ವಿರುದ್ಧ, ಬಳಸುವ ಹಾಗಿಲ್ಲ. ನೇವಾರರು ಆ ದಿನವನ್ನು ಇವತ್ತಿಗೂ ಕರಾಳ ದಿನ ಅಂತ ನೆನೆಯುತ್ತಾರೆ.

ನಮ್ಮ ಅಜ್ಜಿ ಜನನ ಪತ್ರಕ್ಕೋ ಪಹಣಿಗೋ ಹೋದಾಗ ಅಲ್ಲಿನ ಗುಮಾಸ್ತ ಅವಳ ಮಾತಲ್ಲಿ ಬರೆದುಕೊಟ್ಟರೆ ದೇಶ ಒಡೆಯುತ್ತದಾ? ಆ ಹೊತ್ತಿಗೆ ಅಲ್ಲಿನ ಸಂಸ್ಥೆಗಳು ಒಡೆಯುತ್ತದೆ ಅಂತ ನಂಬಿದ್ದವು.

ಇದರ ನಡುವೆ 1996ರಲ್ಲಿ ಮಾವೋವಾದಿಗಳ ಯುದ್ಧ ಶುರುವಾಗಿತ್ತು. ಹತ್ತು ವರ್ಷ ನಡೆಯಿತು. ಸುಮಾರು 17,000 ಜನ ಸತ್ತರು. 2005ರಲ್ಲಿ ರಾಜ ಜ್ಞಾನೇಂದ್ರ ಎಲ್ಲ ಅಧಿಕಾರ ತಮ್ಮ ಕೈಗೆ ತೆಗೆದುಕೊಂಡರು. 2006ರ ಏಪ್ರಿಲ್‌ನಲ್ಲಿ ಜನ ಮತ್ತೆ ಬೀದಿಗೆ ಬಂದರು, ರಾಜ ಹಿಂದೆ ಸರಿದರು. ಅದೇ ವರ್ಷ ನವೆಂಬರ್‌ನಲ್ಲಿ ಶಾಂತಿ ಒಪ್ಪಂದವಾಯಿತು. 2008ರ ಮೇ 28ಕ್ಕೆ ನೇಪಾಳ ಗಣರಾಜ್ಯವಾಯಿತು. ಮೊದಲ ರಾಷ್ಟ್ರಪತಿ ರಾಮ್ ಬರಣ್ ಯಾದವ್, ಮಧೇಸದವರು. ಮಧೇಸ ಅಂದರೆ ಈ ಬಯಲು ಸೀಮೆಯೇ. ಅಲ್ಲಿಯ ಜನ ರಾಜಧಾನಿಗೆ ಹೋದರೆ ‘ನೀನು ಇಂಡಿಯಾದವನಾ’ ಅಂತ ಕೇಳಿಸಿಕೊಳ್ಳುತ್ತಿದ್ದರು. ತಮ್ಮ ದೇಶದಲ್ಲೇ ತಾವು ಯಾರು ಅಂತ ರುಜುವಾತು ಮಾಡಬೇಕಾದ ಜನ ಅವರು. ‘ಒಕ್ಕೂಟ ಬೇಕು’, ಅಂದರೆ ಅಧಿಕಾರ ಪ್ರಾಂತ್ಯಗಳಿಗೂ ಹಂಚಬೇಕು ಅಂತ 2007ರಲ್ಲಿ ಎದ್ದು ನಿಂತವರೂ ಅವರೇ. ಅವರು ಹಟ ಹಿಡಿಯದಿದ್ದರೆ ಮಧ್ಯಂತರ ಸಂವಿಧಾನದಲ್ಲಿ ಆ ಮಾತು ಅಷ್ಟು ಬೇಗ ಸೇರುತ್ತಿರಲಿಲ್ಲ.

ಸಂವಿಧಾನ ಬರೆಯಲು 601 ಜನರ ಸಭೆ ಕೂತಿತು. ನಾಲ್ಕು ವರ್ಷ ಕಳೆದರೂ ಮುಗಿಯಲಿಲ್ಲ. 2012ರ ಮೇನಲ್ಲಿ ಒಂದು ಸಾಲನ್ನೂ ಜಾರಿಗೆ ತರದೆ ಸಭೆ ಬರಖಾಸ್ತಾಯಿತು. ಯಾಕೆ? ಮುಖ್ಯವಾಗಿ ನಕ್ಷೆಯ ಜಗಳ. ಒಂದು ಸಮಿತಿ 14 ಪ್ರಾಂತ್ಯ ಅಂದಿತ್ತು. ಆಮೇಲೆ ಬಂದ ಆಯೋಗ 11 ಅಂದಿತು. ಪ್ರಾಂತ್ಯಕ್ಕೆ ಜನರ ಗುರುತಿನ ಮೇಲೆ ಹೆಸರಿಡಬೇಕು ಅಂತ ಒಂದು ಕಡೆ. ಹಾಗೆ ಮಾಡಿದರೆ ದೇಶ ಹೋಳಾಗುತ್ತದೆ, ದುಡ್ಡು ಕಾಸು ನಡೆಸುವ ಶಕ್ತಿ ನೋಡಿ ಗೆರೆ ಎಳೆಯಬೇಕು ಅಂತ ಇನ್ನೊಂದು ಕಡೆ.

ಈ ಜಗಳ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮ ದೆಹಲಿಗೂ ಇದೇ ಭಯ ಇತ್ತು. ಭಾಷೆಯ ಮೇಲೆ ರಾಜ್ಯ ಮಾಡಿದರೆ ದೇಶ ಉಳಿಯಲ್ಲ ಅಂದರು. 1952ರ ಡಿಸೆಂಬರ್‌ನಲ್ಲಿ ತೆಲುಗರ ರಾಜ್ಯಕ್ಕಾಗಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ಸತ್ತ ಮೇಲೆ ಕಣ್ಣು ತೆರೆಯಿತು.

ಇನ್ನೂ ಒಂದು ವಿಷಯ ಇದೆ. ಮಂಡ್ಯದಲ್ಲಿ ನಿಂತು ಇದನ್ನು ಹೇಳಲೇಬೇಕು. ನಮ್ಮ ಹಳೇ ಮೈಸೂರಿನ ಬಹಳ ಜನಕ್ಕೆ ಏಕೀಕರಣ ಬೇಡವಾಗಿತ್ತು. ಕನ್ನಂಬಾಡಿ ಕಟ್ಟೆ ನಮ್ಮದು, ಶಿವನಸಮುದ್ರದ ಕರೆಂಟು ನಮ್ಮದು, ಭದ್ರಾವತಿ ಕಾರ್ಖಾನೆ ನಮ್ಮದು, ಇದನ್ನೆಲ್ಲ ಯಾಕೆ ಹಂಚಿಕೊಳ್ಳಬೇಕು ಅನ್ನುವ ಅಳುಕು. ಸೇರಿಕೊಂಡರೆ ಇನ್ನೊಂದು ಜಾತಿಯ ಕೈ ಮೇಲಾಗುತ್ತದೆ ಅನ್ನುವ ಲೆಕ್ಕ ಕೂಡ. ಕೆಂಗಲ್ ಹನುಮಂತಯ್ಯನವರು ತಮ್ಮ ಕಡೆಯವರ ಸಿಟ್ಟು ಕಟ್ಟಿಕೊಂಡು ಏಕೀಕರಣದ ಪರ ನಿಂತರು. ಏಕೀಕರಣ ಆಗುವ ಹೊತ್ತಿಗೆ ಅವರು ಮುಖ್ಯಮಂತ್ರಿ ಕುರ್ಚಿಯಲ್ಲಿ ಇರಲಿಲ್ಲ. 1956ರಲ್ಲಿ ಸೇರಿದೆವು, ‘ಕರ್ನಾಟಕ’ ಅನ್ನುವ ಹೆಸರಿಗೆ 1973ರವರೆಗೆ ಕಾಯಬೇಕಾಯಿತು. ಬರೀ ಹೆಸರಿಗೆ ಹದಿನೇಳು ವರ್ಷ! ಆದ್ದರಿಂದ ನೇಪಾಳದವರು ಹೆಸರಿಗಾಗಿ ಬಡಿದಾಡಿದರು ಅಂದರೆ ನಾವು ಹಗುರವಾಗಿ ನೋಡಬಾರದು. ಅಲ್ಲಿ ಪ್ರಾಂತ್ಯಗಳಿಗೆ ಮೊದಲು ಬರೀ ನಂಬರ್ ಕೊಟ್ಟರು. ಎರಡನೇ ಪ್ರಾಂತ್ಯಕ್ಕೆ 2022ರಲ್ಲಿ ‘ಮಧೇಶ’ ಅನ್ನುವ ಹೆಸರಾಯಿತು. ಒಂದನೇ ಪ್ರಾಂತ್ಯಕ್ಕೆ 2023ರಲ್ಲಿ ‘ಕೋಶಿ’ ಅಂತ ನದಿಯ ಹೆಸರಿಟ್ಟರು. ತಮ್ಮ ಗುರುತು ಬರಬೇಕಿತ್ತು ಅಂತ ಲಿಂಬು, ರಾಯ್ ಜನ ಬೀದಿಗೆ ಬಂದರು.

ನಮಗೂ ಅವರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮಲ್ಲಿ ಕನ್ನಡ ಆಡುವವರು ಒಟ್ಟಾಗಿ ಇರುವ ಜಾಗ ಅಂತ ಗೆರೆ ಎಳೆಯಬಹುದಿತ್ತು. ಅಲ್ಲಿ ಒಂದೇ ಗುಡ್ಡದ ಮೇಲೆ ತಮಾಂಗರು, ಬ್ರಾಹ್ಮಣರು, ದಲಿತರು, ಮಗರರು ಅಕ್ಕಪಕ್ಕ. ಯಾರ ಹೆಸರಿನ ಪ್ರಾಂತ್ಯ ಮಾಡಿದರೂ ಅದರೊಳಗೆ ಅವರೇ ಕಡಿಮೆ. ಇದು ನಿಜವಾಗಿ ಕಷ್ಟದ ಲೆಕ್ಕ. ಇಲ್ಲೇ ಹೇಳಿಬಿಡುತ್ತೇನೆ, ಕರ್ನಾಟಕದ ಒಳಗೂ ಇಂಥ ಲೆಕ್ಕ ಬಾಕಿ ಇದೆ. ಕೊಡಗಿನವರು, ತುಳುವರು ತಮ್ಮ ಭಾಷೆಗೆ ಜಾಗ ಕೇಳಿದಾಗ ನಾವು ಆಡುವ ಮಾತು, ಒಂದು ಕಾಲದಲ್ಲಿ ಕನ್ನಡ ಕೇಳಿದಾಗ ನಮಗೆ ಇತರರು ಆಡಿದ ಮಾತಿನ ಹಾಗಿರಬಾರದು.

ಎರಡನೇ ಸಭೆಗೆ 2013ರ ನವೆಂಬರ್‌ನಲ್ಲಿ ಚುನಾವಣೆ ನಡೆಯಿತು. ಅದೂ ಎಳೆದಾಡುತ್ತಿತ್ತು. 2015ರ ಏಪ್ರಿಲ್ 25ಕ್ಕೆ ಭೂಕಂಪ. ಸುಮಾರು 9,000 ಜನ ಸತ್ತರು. ಆ ದುಃಖದಲ್ಲಿ ದೊಡ್ಡ ಪಕ್ಷಗಳು ಒಟ್ಟಾದವು, ಬೇಗ ಮುಗಿಸೋಣ ಅಂದರು. ಆಗಸ್ಟ್‌ನಲ್ಲಿ ಆರು ಪ್ರಾಂತ್ಯದ ನಕ್ಷೆ ಬಂತು. ಕರ್ಣಾಲಿ ಕಡೆ ಗಲಾಟೆ ಆಯಿತು, ಏಳು ಮಾಡಿದರು. ಗುಡ್ಡದವರು ಕೂಗಿದಾಗ ಎರಡು ವಾರದಲ್ಲಿ ಗೆರೆ ಬದಲಾಯಿತು. ಬಯಲಿನವರು ಕೂಗಿದಾಗ ಬದಲಾಗಲಿಲ್ಲ. ಥಾರುಗಳ ನೆಲವನ್ನು ಹೋಳು ಮಾಡಿ ಗುಡ್ಡದ ಜಿಲ್ಲೆಗಳ ಜೊತೆ ಸೇರಿಸಿದ್ದರು. ಆಗಸ್ಟ್ 24ರಂದು ಟೀಕಾಪುರದಲ್ಲಿ ಪ್ರತಿಭಟನೆ ಕೈಮೀರಿತು. ಎಂಟು ಜನ ಪೊಲೀಸರು, ಒಂದು ಪುಟ್ಟ ಮಗು ಸತ್ತರು. ಮಾರನೇ ದಿನ ಥಾರುಗಳ ಮನೆ, ಅಂಗಡಿಗಳಿಗೆ ಬೆಂಕಿ ಬಿತ್ತು.

ನಮ್ಮ ಹೋಟೆಲಿನ ಹುಡುಗ ಆಗ ಒಂಬತ್ತು ವರ್ಷದವನು. ಅವರ ಮನೆಯವರು ಎಷ್ಟೋ ದಿನ ಊರು ಬಿಟ್ಟು ಇದ್ದರಂತೆ. ಹೆಚ್ಚು ಹೇಳಲಿಲ್ಲ, ನಾನೂ ಕೆದಕಲಿಲ್ಲ.

ಸೆಪ್ಟೆಂಬರ್‌ನಲ್ಲಿ ಸಂವಿಧಾನಕ್ಕೆ ಸಭೆಯಲ್ಲಿ 507 ಮತ ಬಿತ್ತು. ವಿರುದ್ಧ 25. ಮಧೇಸದ ಹಲವರು ಹೊರಗೇ ಉಳಿದರು. 20ನೇ ತಾರೀಖು ರಾಷ್ಟ್ರಪತಿ ಯಾದವ್ ಆ ಪುಸ್ತಕವನ್ನು ಹಣೆಗೆ ಒತ್ತಿಕೊಂಡು ಜಾರಿ ಮಾಡಿದರು. ಕಾಠ್ಮಂಡುವಿನಲ್ಲಿ ದೀಪ ಹಚ್ಚಿದರು. ಬಯಲಿನಲ್ಲಿ ಶೋಕ. ಅಲ್ಲಿಂದ ಮುಂದಿನ ವರ್ಷ ಫೆಬ್ರವರಿವರೆಗೆ ಗಡಿ ಬಂದ್, ಗ್ಯಾಸಿಲ್ಲ, ಪೆಟ್ರೋಲಿಲ್ಲ. ಒಂದೇ ಸಂವಿಧಾನ, ಒಂದು ಮನೆಯಲ್ಲಿ ಹಬ್ಬ, ಇನ್ನೊಂದು ಮನೆಯಲ್ಲಿ ಸೂತಕ. ಇಂಥ ಹುಟ್ಟಿನ ಸಂವಿಧಾನ ಬದುಕಬೇಕಾದರೆ ಆಮೇಲೆ ಅದನ್ನು ನಡೆಸುವವರು ಎರಡು ಪಟ್ಟು ದೊಡ್ಡ ಮನಸ್ಸು ಮಾಡಬೇಕು.

ಮಾಡಿದರಾ? ಇಲ್ಲಿ ನಮ್ಮ ಊರಿನ ಒಂದು ಪಾಲಿನ ಕತೆ ಹೇಳುತ್ತೇನೆ. ನಾನು ಕಣ್ಣಾರೆ ಕಂಡದ್ದು. ಅಣ್ಣ ತಮ್ಮಂದಿರು ಪಾಲುಪಾರೀಕತ್ತು ಮಾಡಿಕೊಂಡರು. ಗದ್ದೆ ಸಮ ಅರ್ಧ. ಬದು ಹಾಕಿದರು, ಕಲ್ಲು ನೆಟ್ಟರು, ಖಾತೆ ಬೇರೆಯಾಯಿತು. ಪತ್ರದಲ್ಲಿ ‘ಬೋರ್‌ವೆಲ್ ಇಬ್ಬರಿಗೂ ಸೇರಿದ್ದು’ ಅಂತಲೂ ಬರೆದರು. ಆದರೆ ಪಂಪ್‌ಸೆಟ್ಟಿನ ಸ್ಟಾರ್ಟರ್ ಅಣ್ಣನ ಮನೆ ಗೋಡೆಯ ಮೇಲೇ ಉಳಿಯಿತು. ತಮ್ಮ ಪ್ರತಿ ಸಲ ಹೋಗಿ ಬಾಗಿಲಲ್ಲಿ ನಿಲ್ಲಬೇಕು. ಅಣ್ಣ ಕೆಟ್ಟವನೇನೂ ಅಲ್ಲ. ಒಮ್ಮೆ ಊಟ ಮಾಡುತ್ತಿರುತ್ತಾನೆ, ಒಮ್ಮೆ ಸಂತೆಗೆ ಹೋಗಿರುತ್ತಾನೆ, ಒಮ್ಮೆ ‘ಇರು, ನನ್ನ ಕಬ್ಬಿಗೆ ಮುಗಿಯಲಿ’ ಅನ್ನುತ್ತಾನೆ. ಎರಡು ವರ್ಷಕ್ಕೆ ತಮ್ಮನ ಪೈರು ಒಣಗಿತು, ಮಾತೂ ನಿಂತಿತು.

ನೇಪಾಳದ ಏಳು ಪ್ರಾಂತ್ಯಗಳದ್ದು ಇದೇ ಕತೆ. ಸಂವಿಧಾನದ ಪಟ್ಟಿಯಲ್ಲಿ ಪೊಲೀಸ್ ಇದೆ. ಪ್ರಾಂತ್ಯಗಳಿಗೆ ಪೊಲೀಸ್ ಕೊಡುವ ಕಾಯ್ದೆ 2020ರಲ್ಲಿ ಆಯಿತು. ಪೊಲೀಸರು ಮಾತ್ರ ಬರಲಿಲ್ಲ. ಪ್ರಾಂತ್ಯದ ಮುಖ್ಯ ಕಾರ್ಯದರ್ಶಿಯನ್ನು ಕಳಿಸುವುದು ಕೇಂದ್ರ. ಅವರು ಉತ್ತರ ಕೊಡುವುದೂ ಅಲ್ಲಿಗೇ. ನೌಕರರನ್ನು ಮೂರು ಹಂತಕ್ಕೆ ಹಂಚುವ ಒಕ್ಕೂಟದ ನಾಗರಿಕ ಸೇವಾ ಕಾಯ್ದೆ ಹತ್ತು ವರ್ಷ ತುಂಬಿದರೂ ಆಗಲಿಲ್ಲ. ವ್ಯಾಟ್ ಮತ್ತು ಎಕ್ಸೈಸ್ ದುಡ್ಡಲ್ಲಿ 70 ಪಾಲು ಕೇಂದ್ರಕ್ಕೆ, 15 ಪ್ರಾಂತ್ಯಗಳಿಗೆ, 15 ಊರುಗಳಿಗೆ. ಶಾಸನಸಭೆ ಇದೆ, ಮುಖ್ಯಮಂತ್ರಿ ಇದ್ದಾರೆ, ಕಾರಿದೆ. ಸ್ಟಾರ್ಟರ್ ಕಾಠ್ಮಂಡುವಿನ ಗೋಡೆಯ ಮೇಲೆ. ಆಮೇಲೆ ಅದೇ ಜನ ಕೇಳುತ್ತಾರೆ, ‘ಪ್ರಾಂತ್ಯಗಳು ಏನು ಕಡಿದು ಕಟ್ಟೆ ಹಾಕಿವೆ, ಅವು ಯಾಕೆ ಬೇಕು?’ ಈ ಪ್ರಶ್ನೆ ನನಗೆ ಬಹಳ ಅನ್ಯಾಯ ಅನಿಸುತ್ತದೆ. ನೀರು ಬಿಡದೆ ‘ನಿನ್ನ ಗದ್ದೆ ಯಾಕೆ ಒಣಗಿದೆ’ ಅಂದ ಹಾಗೆ.

ಸ್ಟಾರ್ಟರ್ ಮಾತು ಬಂದಾಗ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ನೆನಪಾಗುತ್ತದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ 144 ಜನ ಸೇರಿದರು. ದೊಡ್ಡ ಹೆಜ್ಜೆ, ನಾವು ಹೆಮ್ಮೆ ಪಡಬೇಕು. ಆದರೆ ಅವರು ಕಷ್ಟ ಹೇಳಿಕೊಳ್ಳಬಹುದಿತ್ತು, ತೀರ್ಮಾನ ಮಾಡುವ ಹಾಗಿರಲಿಲ್ಲ. ಬರೀ ಹೇಳಿಕೊಳ್ಳುವುದು ಸಾಕಾಗದೆ ಹೋದದ್ದಕ್ಕೇ 1938ರಲ್ಲಿ ನಮ್ಮ ಶಿವಪುರದಲ್ಲಿ ಬಾವುಟ ಹಾರಿತು, 1947ರಲ್ಲಿ ‘ಮೈಸೂರು ಚಲೋ’ ನಡೆಯಿತು. ಸಭೆ ಇದೆಯಾ ಅನ್ನುವುದು ಮೊದಲ ಪ್ರಶ್ನೆ. ಆ ಸಭೆ ‘ಬೇಡ’ ಅಂದರೆ ನಿಲ್ಲುತ್ತದಾ ಅನ್ನುವುದು ಎರಡನೆಯದು.

ಇನ್ನು ಜಗಳ ಬಿಡಿಸುವವರು ಯಾರು? ಇದನ್ನು ಮಂಡ್ಯದವರಿಗೆ ಹೇಳಿಕೊಡಬೇಕಾಗಿಲ್ಲ. ಕಾವೇರಿಯ 1924ರ ಒಪ್ಪಂದ, 1990ರ ನ್ಯಾಯಮಂಡಳಿ, 1991ರ ಮಧ್ಯಂತರ ಆದೇಶ, 2007ರ ಅಂತಿಮ ತೀರ್ಪು, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ನಮಗೆ 14.75 ಟಿಎಂಸಿ ಜಾಸ್ತಿ ಕೊಟ್ಟದ್ದು, ಇದೆಲ್ಲ ನಿಮಗೆ ಬಾಯಿಪಾಠ. ನಮ್ಮ ಏರ್ಪಾಡು ನಿಧಾನ, ನೋವಿನದು. ಬಸ್ಸಿಗೆ ಬೆಂಕಿ ಬಿದ್ದ ದಿನಗಳನ್ನು ನಾವು ನೋಡಿದ್ದೇವೆ. ಆದರೂ ಕೊನೆಗೆ ಎರಡು ರಾಜ್ಯದ ವಕೀಲರು ಒಂದೇ ಕೋರ್ಟಿನಲ್ಲಿ ನಿಂತು ಅಂಕಿ ಅಂಶ ಇಟ್ಟರು. ನೇಪಾಳದಲ್ಲೂ ಸುಪ್ರೀಂ ಕೋರ್ಟಿನ ಒಳಗೆ ಸಂವಿಧಾನ ಪೀಠ ಇದೆ, ಅಂತರ ಪ್ರಾಂತ್ಯ ಪರಿಷತ್ತು ಇದೆ. ಪರಿಷತ್ತು ಕೂರುವುದೇ ಅಪರೂಪ. ಬರ ಬರುವ ಮುಂಚೆ ಇಂಥ ಜಾಗಗಳನ್ನು ಬಳಸಿ ರೂಢಿ ಮಾಡಿಕೊಂಡಿರಬೇಕು. ಕಟ್ಟೆ ಬರಿದಾದ ದಿನ ಯಾರಿಗೂ ಕಿವಿ ಕೇಳಿಸುವುದಿಲ್ಲ, ನಮಗೆ ಗೊತ್ತಲ್ಲ.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಇಲ್ಲಿ ಪಂಚಾಯಿತಿ ಸದಸ್ಯರು ಕೂತಿದ್ದೀರಿ, ಹೆಣ್ಣುಮಕ್ಕಳೂ ಇದ್ದೀರಿ, ಸ್ವಲ್ಪ ಗಮನ ಕೊಟ್ಟು ಕೇಳಿ.

ನೇಪಾಳದಲ್ಲಿ ಪ್ರಾಂತ್ಯದ ಕೆಳಗೆ 753 ಸ್ಥಳೀಯ ಸರ್ಕಾರಗಳಿವೆ. ಸರ್ಕಾರ ಅಂತಲೇ ಕರೆಯುತ್ತಾರೆ. 6 ಮಹಾನಗರ, 11 ಉಪ ಮಹಾನಗರ, 276 ನಗರಪಾಲಿಕೆ, 460 ಗಾಂವ್‌ಪಾಲಿಕೆ. ಸಂವಿಧಾನದ ಅನುಸೂಚಿಯಲ್ಲಿ ಅವಕ್ಕೇ ಬೇರೆ ಪಟ್ಟಿ ಇದೆ, 22 ವಿಷಯ. ಪ್ರೌಢಶಾಲೆವರೆಗಿನ ಓದು ಅವರ ಪಟ್ಟಿಯಲ್ಲಿದೆ. ನಮ್ಮಲ್ಲಿ ಪಂಚಾಯಿತಿಗೆ ಏನು ಕೊಡಬೇಕು ಅನ್ನುವುದನ್ನು ರಾಜ್ಯ ತೀರ್ಮಾನಿಸುತ್ತದೆ. ಅಲ್ಲಿ ಸಂವಿಧಾನವೇ ಕೊಟ್ಟಿದೆ. ‘ಗಾವ್ ಗಾವ್‌ಮಾ ಸಿಂಹದರ್ಬಾರ್’ ಅನ್ನುವುದು ಅವರ ಘೋಷಣೆ. ಸಿಂಹದರ್ಬಾರ್ ಅಂದರೆ ಅವರ ವಿಧಾನಸೌಧ ಅಂದುಕೊಳ್ಳಿ. ಅದು ಪ್ರತಿ ಹಳ್ಳಿಗೂ ಬರಬೇಕು ಅಂತ.

ಅದಕ್ಕೂ ಮುಂಚೆ ಹೇಗಿತ್ತು? 1997ರಲ್ಲಿ ಊರಿನ ಚುನಾವಣೆ ಆಗಿತ್ತು. 2002ಕ್ಕೆ ಅವಧಿ ಮುಗಿಯಿತು. ಮುಂದಿನ ಚುನಾವಣೆ ಬಂದದ್ದು 2017ರಲ್ಲಿ. ಹದಿನೈದು ವರ್ಷ ಊರಿಗೆ ಆಯ್ಕೆಯಾದ ಒಬ್ಬ ಸದಸ್ಯ ಇಲ್ಲ. ಚರಂಡಿ ಕಟ್ಟಿಕೊಂಡರೆ ಯಾರನ್ನು ಕೇಳಬೇಕು? ಕಾರ್ಯದರ್ಶಿಯನ್ನು. ಅವನು ಇವತ್ತು ಇಲ್ಲಿ, ನಾಳೆ ವರ್ಗ.

ಅವರನ್ನು ನೋಡಿ ಅಯ್ಯೋ ಪಾಪ ಅನ್ನುವ ಮೊದಲು ನಮ್ಮ ಮನೆ ನೋಡಿಕೊಳ್ಳೋಣ. ನಮ್ಮ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ ಕೊನೆಯ ಚುನಾವಣೆ 2016ರಲ್ಲಿ. ಅವಧಿ 2021ಕ್ಕೆ ಮುಗಿಯಿತು. ಅವತ್ತಿನಿಂದ ಇವತ್ತಿನವರೆಗೆ ಚುನಾವಣೆ ಇಲ್ಲ. ಅಬ್ದುಲ್ ನಜೀರ್ ಸಾಬ್ ಅವರ ರಾಜ್ಯ ಇದು. 1983ರ ಕಾಯ್ದೆ, 1987ರ ಚುನಾವಣೆ, ಹೆಂಗಸರಿಗೆ ನೂರಕ್ಕೆ 25 ಜಾಗ, ಇದನ್ನೆಲ್ಲ ದೇಶಕ್ಕೇ ಮೊದಲು ತೋರಿಸಿದವರ ಪೈಕಿ ನಾವು. ಈಗ ನಾಲ್ಕು ವರ್ಷ ದಾಟಿದರೂ ಕುರ್ಚಿ ಖಾಲಿ. ಇದಕ್ಕೆ ನಾವು ಎಷ್ಟು ಜನ ದನಿ ಎತ್ತಿದ್ದೇವೆ? ನನಗೆ ಇದು ನಿಜವಾಗಿ ನೋವು ಕೊಡುತ್ತದೆ.

ನೇಪಾಳದ ವಾರ್ಡಿಗೆ ಬರೋಣ. ಪ್ರತಿ ವಾರ್ಡಿಗೆ ಒಬ್ಬ ಅಧ್ಯಕ್ಷ, ನಾಲ್ವರು ಸದಸ್ಯರು. ಆ ನಾಲ್ವರಲ್ಲಿ ಇಬ್ಬರು ಹೆಂಗಸರು ಇರಬೇಕು. ಆ ಇಬ್ಬರಲ್ಲಿ ಒಬ್ಬರು ದಲಿತ ಹೆಣ್ಣುಮಗಳು ಇರಬೇಕು. 1854ರ ‘ಮುಲುಕಿ ಐನ್’ ಅನ್ನುವ ಕಾನೂನು ಅಲ್ಲಿ ಜಾತಿಯನ್ನು ಬರವಣಿಗೆಯಲ್ಲೇ ಮೇಲುಕೀಳು ಮಾಡಿ ಇಟ್ಟಿತ್ತು, ಯಾರ ಕೈಯ ನೀರು ಯಾರಿಗೆ ಆಗುವುದಿಲ್ಲ ಅನ್ನುವುದನ್ನೂ ಸೇರಿಸಿ. ಅಂಥ ದೇಶದಲ್ಲಿ 2017ರಲ್ಲಿ ಒಂದೇ ಸಲಕ್ಕೆ ಆರು ಸಾವಿರಕ್ಕಿಂತ ಜಾಸ್ತಿ ದಲಿತ ಹೆಂಗಸರು ಆಯ್ಕೆಯಾಗಿ ಬಂದರು. ನೀರು ಮುಟ್ಟಬೇಡ ಅನ್ನಿಸಿಕೊಂಡವಳು ಅದೇ ಊರಿನ ನಲ್ಲಿ ಎಲ್ಲಿ ಹಾಕಬೇಕು ಅಂತ ಸಭೆಯಲ್ಲಿ ಕೂತು ಹೇಳುತ್ತಾಳೆ. ಇದನ್ನು ಓದಿದ ದಿನ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

ಅಲ್ಲೂ ತೊಂದರೆ ಇಲ್ಲ ಅಂತಲ್ಲ. ಸಭೆಗೆ ಹೆಂಡತಿಯ ಬದಲು ಗಂಡ ಬಂದು ಕೂರುವುದು ನಮಗೆ ಗೊತ್ತಿರುವ ಕತೆ. ಅಲ್ಲಿ ಇನ್ನೊಂದು ಬಗೆ ಇದೆ. ಒಂದೇ ಪಕ್ಷ ಅಧ್ಯಕ್ಷ, ಉಪಾಧ್ಯಕ್ಷ ಎರಡಕ್ಕೂ ನಿಲ್ಲಿಸಿದರೆ ಒಬ್ಬರು ಹೆಂಗಸಾಗಿರಬೇಕು ಅಂತ ನಿಯಮ. 2017ರಲ್ಲಿ ಏನಾಯಿತು? 753 ಉಪಸ್ಥಾನಗಳಲ್ಲಿ 700 ಹೆಂಗಸರು. ಮೇಲಿನ 753 ಕುರ್ಚಿಯಲ್ಲಿ 18 ಮಾತ್ರ! 2022ರಲ್ಲಿ ಪಕ್ಷಗಳು ಮೈತ್ರಿ ಮಾಡಿಕೊಂಡವು. ನಿನಗೆ ಅಧ್ಯಕ್ಷ, ನನಗೆ ಉಪಾಧ್ಯಕ್ಷ ಅಂತ ಹಂಚಿಕೊಂಡರೆ ನಿಯಮ ತಟ್ಟುವುದಿಲ್ಲ. ಉಪಸ್ಥಾನದ ಹೆಂಗಸರ ಲೆಕ್ಕವೂ ಇಳಿಯಿತು.

ಆದರೆ ಆ ಉಪಾಧ್ಯಕ್ಷೆಯ ಕೈಯಲ್ಲಿ ಒಂದು ನಿಜವಾದ ಕೆಲಸ ಇದೆ. ಮೂವರ ನ್ಯಾಯ ಸಮಿತಿಗೆ ಅವಳೇ ಮುಖ್ಯಸ್ಥೆ. ಏನು ಕೇಸು ಬರುತ್ತವೆ ಗೊತ್ತಾ? ಬದುವಿನ ಜಗಳ. ಕಾಲುವೆ ನೀರಿನ ಸರದಿ. ದನ ನುಗ್ಗಿ ಪೈರು ಮೇಯ್ದದ್ದು. ಕೂಲಿ ಕೊಡದೆ ಇದ್ದದ್ದು. ಮುದುಕ ತಂದೆ ತಾಯಿಗೆ ಅನ್ನ ಹಾಕದ ಮಕ್ಕಳು. ನಮ್ಮ ವಿಶ್ವೇಶ್ವರಯ್ಯ ನಾಲೆಯ ಕೊನೇ ತೂಬಿನ ರೈತನಿಗೆ ನೀರು ಬರದಿದ್ದರೆ ಅವನು ಯಾರ ಹತ್ತಿರ ಹೋಗಬೇಕು? ನೀರುಗಂಟಿ, ಇಂಜಿನಿಯರ್, ಶಾಸಕರ ಮನೆ, ರಸ್ತೆ ತಡೆ. ಅಲ್ಲಿ ಒಬ್ಬ ಹೆಂಗಸಿನ ಮುಂದೆ ಅರ್ಜಿ ಕೊಡಬಹುದು, ನಡೆದು ಹೋಗುವಷ್ಟು ದೂರದಲ್ಲಿ, ತನ್ನ ಭಾಷೆಯಲ್ಲಿ. ಅವಳು ಕಾನೂನು ಓದಿಲ್ಲ, ತರಬೇತಿ ಸಾಲದು, ಸ್ವಂತ ಪಕ್ಷದವರ ಪರ ವಾಲುತ್ತಾಳೆ ಅಂತ ದೂರುಗಳಿವೆ. ಕೇಳಬೇಕಾದ ದೂರುಗಳೇ. ಆದರೆ ಅಂಥ ಜಾಗ ಒಂದು ಇದೆ ಅನ್ನುವುದೇ ಆ ಬಡ ರೈತನಿಗೆ ಎಷ್ಟು ಧೈರ್ಯ!

ದೊಡ್ಡ ಸಂಸತ್ತಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕೆಳಮನೆಯಲ್ಲಿ 275 ಸ್ಥಾನ. 165 ನಮ್ಮ ಹಾಗೆ ಕ್ಷೇತ್ರದಿಂದ. 110 ಪಕ್ಷಕ್ಕೆ ಬಿದ್ದ ಮತದ ಪ್ರಮಾಣದ ಮೇಲೆ. ಆ 110ರ ಪಟ್ಟಿಯಲ್ಲಿ ಜನಜಾತಿ, ಮಧೇಸಿ, ದಲಿತ, ಥಾರು, ಮುಸ್ಲಿಂ ಎಲ್ಲರಿಗೂ ಪಾಲು ಬರೆದಿದೆ. ಒಟ್ಟು ಸಂಸತ್ತಿನಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಲೇಬೇಕು. ಮೇಲ್ಮನೆಗೆ ಪ್ರತಿ ಪ್ರಾಂತ್ಯದಿಂದ ಎಂಟು ಜನ, ದೊಡ್ಡದಾಗಲಿ ಚಿಕ್ಕದಾಗಲಿ. ಏರ್ಪಾಡು ಒಳ್ಳೆಯದು. ಅದನ್ನು ಕೆಡಿಸಿದ್ದು ಪಕ್ಷದ ಮುಖಂಡರು. ಪಟ್ಟಿಯಲ್ಲಿ ಯಾರ ಹೆಸರು ಮೇಲಿರಬೇಕು ಅನ್ನುವುದು ನಾಲ್ಕೈದು ಜನರ ಕೋಣೆಯಲ್ಲಿ ತೀರ್ಮಾನ. ದಲಿತ ಮಹಿಳೆ ಸಂಸತ್ತಿಗೆ ಬರುತ್ತಾಳೆ, ಆದರೆ ಕಳಿಸಿದವರ ಮುಖ ನೋಡಿ ಮಾತಾಡಬೇಕು. ಮತ್ತೆ ಅದೇ ಸ್ಟಾರ್ಟರ್.

2015ರ ಅಕ್ಟೋಬರ್‌ನಿಂದ ಈ ವರ್ಷ ಸೆಪ್ಟೆಂಬರ್‌ವರೆಗೆ ಪ್ರಧಾನಿಗಳ ಲೆಕ್ಕ ಹಾಕಿ: ಓಲಿ, ಪ್ರಚಂಡ, ದೇವುಬಾ, ಮತ್ತೆ ಓಲಿ, ಮತ್ತೆ ದೇವುಬಾ, ಮತ್ತೆ ಪ್ರಚಂಡ, ಮತ್ತೆ ಓಲಿ. ಏಳು ಸರದಿ, ಮೂವರು ಮನುಷ್ಯರು. 1990ರಿಂದ ಈಚೆಗೆ ಯಾವ ಪ್ರಧಾನಿಯೂ ಐದು ವರ್ಷ ಪೂರ್ತಿ ಕೂತಿಲ್ಲ.

ಕೋರ್ಟು ಒಮ್ಮೆ ಗಟ್ಟಿಯಾಗಿ ನಿಂತಿತು. 2020ರ ಡಿಸೆಂಬರ್‌ನಲ್ಲಿ ಓಲಿ ಸರ್ಕಾರ ಕೆಳಮನೆ ವಿಸರ್ಜಿಸಿತು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಮನೆಯನ್ನು ವಾಪಸ್ ಕೂರಿಸಿತು. ಮೇನಲ್ಲಿ ಮತ್ತೆ ವಿಸರ್ಜನೆ, ಜುಲೈನಲ್ಲಿ ಮತ್ತೆ ವಾಪಸ್. ನಮ್ಮ ಎಸ್.ಆರ್. ಬೊಮ್ಮಾಯಿ ಕೇಸು ನೆನಪಿಸಿಕೊಳ್ಳಿ. 1989ರಲ್ಲಿ ಇಲ್ಲಿನ ಸರ್ಕಾರ ವಜಾ ಮಾಡಿದರು. 1994ರಲ್ಲಿ ತೀರ್ಪು ಬಂತು: ಬಹುಮತ ಇದೆಯೋ ಇಲ್ಲವೋ ಅನ್ನುವುದನ್ನು ಸದನದಲ್ಲೇ ನೋಡಬೇಕು. ಬೊಮ್ಮಾಯಿಯವರಿಗೆ ಕುರ್ಚಿ ವಾಪಸ್ ಬರಲಿಲ್ಲ. ಆಮೇಲೆ ಬಂದ ಎಷ್ಟೋ ಸರ್ಕಾರಗಳಿಗೆ ಕಾವಲು ಸಿಕ್ಕಿತು.

ಈ ವರ್ಷ ಸೆಪ್ಟೆಂಬರ್‌ನಲ್ಲಿ ಏನಾಯಿತು ಅಂತ ನಿಮ್ಮ ಮೊಬೈಲಿನಲ್ಲಿ ನೋಡಿದ್ದೀರಿ. ಸರ್ಕಾರ 26 ಸೋಷಿಯಲ್ ಮೀಡಿಯಾಗಳನ್ನು ಬಂದ್ ಮಾಡಿತು. ಭ್ರಷ್ಟಾಚಾರದ ಮೇಲೆ ಹೊಗೆಯಾಡುತ್ತಿದ್ದ ಸಿಟ್ಟು ಹೊತ್ತಿಕೊಂಡಿತು. 8ನೇ ತಾರೀಖು ಗುಂಡು ಹಾರಿತು, ಒಂದೇ ದಿನ 19 ಮಕ್ಕಳು ಸತ್ತರು. ಮಕ್ಕಳು ಅನ್ನುತ್ತೇನೆ, ಹೆಚ್ಚಿನವರು ನಿಮ್ಮ ವಯಸ್ಸಿನವರು, ಹುಡುಗರೇ. ಮಾರನೇ ದಿನ ಓಲಿ ರಾಜೀನಾಮೆ ಕೊಟ್ಟರು. ಸಂಸತ್ತು ಉರಿಯಿತು, ಸುಪ್ರೀಂ ಕೋರ್ಟು ಉರಿಯಿತು, ಸಿಂಹದರ್ಬಾರ್ ಉರಿಯಿತು. ಒಟ್ಟು ಎಪ್ಪತ್ತಕ್ಕಿಂತ ಜಾಸ್ತಿ ಜನ ಹೋದರು. 12ಕ್ಕೆ ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾದರು, ಆ ದೇಶದ ಮೊದಲ ಮಹಿಳಾ ಪ್ರಧಾನಿ. ಕೆಳಮನೆ ವಿಸರ್ಜನೆಯಾಯಿತು. 2026ರ ಮಾರ್ಚ್ 5ಕ್ಕೆ ಚುನಾವಣೆ ಅಂತ ಗೊತ್ತಾಗಿದೆ. ಸಂವಿಧಾನದ ಅಕ್ಷರ ಹಿಡಿದರೆ ಪ್ರಧಾನಿ ಆಗುವವರು ಕೆಳಮನೆಯ ಸದಸ್ಯರಾಗಿರಬೇಕು. ಕಾರ್ಕಿ ಸದಸ್ಯರಲ್ಲ. ಅಂದರೆ ಬೆಂಕಿ ಆರಿಸಲು ನಿಯಮದ ಗೋಡೆಯನ್ನು ಸ್ವಲ್ಪ ಒಡೆದರು. ಒಡೆದ ಗೋಡೆಯನ್ನು ಮತ್ತೆ ಕಟ್ಟುವುದು ಈ ಚುನಾವಣೆಯ ಕೆಲಸ.

ನಾನು ಆ ದಿನಗಳಲ್ಲಿ ಇನ್ನೊಂದನ್ನು ಗಮನಿಸುತ್ತಿದ್ದೆ. ಕೆಳಮನೆ ಹೋಯಿತು. ಏಳು ಪ್ರಾಂತ್ಯದ ಸಭೆಗಳು ಹೋಗಲಿಲ್ಲ. 753 ಊರಿನ ಸರ್ಕಾರಗಳು ಹೋಗಲಿಲ್ಲ. ಹಲವು ಕಡೆ ಅವುಗಳ ಕಟ್ಟಡಕ್ಕೂ ಬೆಂಕಿ ಬಿದ್ದಿತ್ತು, ಕಡತ ಸುಟ್ಟಿತ್ತು. ಆದರೆ 2022ರಲ್ಲಿ ಗೆದ್ದು ಬಂದ ಆ ಸದಸ್ಯರು ಸದಸ್ಯರಾಗಿಯೇ ಇದ್ದರು. ದೇಶದ ರಾಜಧಾನಿಯಲ್ಲಿ ಸರ್ಕಾರವೇ ಇಲ್ಲದ ಆ ಮೂರು ದಿನ ಒಬ್ಬ ತಾಯಿಗೆ ಕಷ್ಟ ಬಂದರೆ ಹೋಗಿ ಕೇಳಲು ಆಯ್ಕೆಯಾದ ಒಬ್ಬ ಮನುಷ್ಯ ಅವಳ ವಾರ್ಡಿನಲ್ಲೇ ಇದ್ದ. ಹದಿನೈದು ವರ್ಷ ಇಲ್ಲದಿದ್ದ ಮನುಷ್ಯ. ಇದೇ ಬೆಂಕಿ 2010ರಲ್ಲಿ ಬಿದ್ದಿದ್ದರೆ ಹಳ್ಳಿಯಲ್ಲಿ ಯಾರಿದ್ದರು?

ಬೆಂಕಿಯ ಸುದ್ದಿ ಬಂದ ದಿನ ನಮ್ಮ ಹುಡುಗ ಕೆಲಸಕ್ಕೆ ಬಂದಿದ್ದ. ಫೋನ್ ನೋಡುತ್ತಾ ಗೋಡೆಗೆ ಒರಗಿ ನಿಂತಿದ್ದ. ‘ಮನೆಯಲ್ಲಿ ಎಲ್ಲ ಚೆನ್ನಾಗಿದ್ದಾರೇನಪ್ಪ’ ಅಂದೆ. ಅವನ ಚಿಕ್ಕಮ್ಮ ವಾರ್ಡ್ ಸದಸ್ಯೆಯಂತೆ. ನನಗೆ ಅವತ್ತೇ ಗೊತ್ತಾದದ್ದು. ‘ಚಿಕ್ಕಮ್ಮ ಮನೆ ಮನೆಗೆ ಹೋಗ್ತಿದ್ದಾರೆ ಸಾರ್, ಯಾರೂ ಹೊರಗೆ ಹೋಗಬೇಡಿ ಅಂತ ಹೇಳ್ತಿದ್ದಾರೆ’ ಅಂದ. ಯಾವ ಭಾಷೆಯಲ್ಲಿ ಅಂತ ಕೇಳಿದೆ. ‘ನಮ್ಮ ಭಾಷೆಯಲ್ಲೇ ಸಾರ್, ಥಾರು.’

ಈಗ ಅವನು ಮಾರ್ಚ್‌ಗೆ ರಜೆ ಕೇಳಿದ್ದಾನೆ. ಹೊರದೇಶದಲ್ಲಿ ಇರುವವರಿಗೆ ಅಲ್ಲಿಂದಲೇ ಮತ ಹಾಕುವ ಏರ್ಪಾಡು ನೇಪಾಳದಲ್ಲಿ ಇನ್ನೂ ಬಂದಿಲ್ಲ. ಇಲ್ಲಿಂದ ಬೆಂಗಳೂರು, ಅಲ್ಲಿಂದ ಲಕ್ನೋ ಕಡೆಯ ರೈಲು, ಗಡಿವರೆಗೆ ಬಸ್ಸು, ಗಡಿ ದಾಟಿ ಇನ್ನೊಂದು ಬಸ್ಸು. ಹೋಗುವುದಕ್ಕೇ ಮೂರು ನಾಲ್ಕು ದಿನ. ಸಂಬಳ ಕಟ್ಟಾಗುತ್ತದೆ. ಅವನಿಗೆ ಇದು ಮೊದಲ ಮತ. ಮಾಲೀಕರು ‘ಹೋಗಿ ಬಾ’ ಅಂದಿದ್ದಾರೆ.